ಎರಡು ಕಿಲೋ ಎಳೆದವರು ಯಾರು?

ಸೋಮವಾರ ಬೆಳಗ್ಗೆ, ಅವ್ವ ಅಂಗಳ ಕಸ ಹೊಡೆಯುವ ಸದ್ದು ಕೇಳುತ್ತಿರುವಾಗಲೇ, ಅನ್ನಪೂರ್ಣಾ ಹಾಸಿಗೆಯ ಕೆಳಗಿನಿಂದ ಡೈರಿ ಎಳೆದು ಬರೆದಳು:

"ಶನಿವಾರ ಒಂಬತ್ತನೆಯ ತರಗತಿಯಲ್ಲಿ ಒಂದು ಗೆರೆ ಬರೆಯಲು ಮರೆತೆ. ಅಕ್ಕಿಕಾಳಿನಷ್ಟು ಉದ್ದದ ಗೆರೆ. ಮರೆತದ್ದಕ್ಕೆ ನಾಚಿಕೆಯಿಲ್ಲ. ಮರೆತದ್ದು ಗೊತ್ತಾದ ಮೇಲೂ ಮಕ್ಕಳಿಗೆ 'ಸರಿ ಐತಿ, ಬರ್ಕೋರಿ' ಅಂದೆನಲ್ಲ, ಅದಕ್ಕೆ ಎರಡು ದಿನದಿಂದ ಕನ್ನಡಿ ನೋಡಿಲ್ಲ."

ಆಗಿದ್ದು ಇಷ್ಟು. ಎರಡು ವಸ್ತುಗಳು ಒಂದನ್ನೊಂದು ಎಷ್ಟು ಬಲದಿಂದ ಎಳೆಯುತ್ತವೆ ಎಂದು ಲೆಕ್ಕ ಹಾಕಬೇಕಾದರೆ ಎರಡರ ದ್ರವ್ಯರಾಶಿಯನ್ನು ಗುಣಿಸಬೇಕು, ನಡುವಿನ ದೂರದ ವರ್ಗದಿಂದ ಭಾಗಿಸಬೇಕು, ಬಂದದ್ದನ್ನು ಜಿ ಎಂಬ ಸ್ಥಿರಾಂಕದಿಂದ ಗುಣಿಸಬೇಕು. ಈ ಜಿ ಮಹಾ ಜಿಪುಣ ಸಂಖ್ಯೆ. ಆರು ಪಾಯಿಂಟ್ ಆರು ಏಳು, ಪಕ್ಕದಲ್ಲಿ ಹತ್ತರ ಘಾತ ಮೈನಸ್ ಹನ್ನೊಂದು. ಅಂದರೆ ಚುಕ್ಕಿ ಇಟ್ಟ ಮೇಲೆ ಹತ್ತು ಸೊನ್ನೆ ದಾಟಿ ಹೋದರೇ ಆರರ ಮುಖ ಕಾಣುವುದು. ಅನ್ನಪೂರ್ಣಾ ಮಕ್ಕಳಿಗೆ ತಿಳಿಯಲೆಂದು ಹಲಗೆಯ ಮೇಲೆ ನೂರು ನೂರು ಕಿಲೋದ ಎರಡು ಕಡಲೆ ಚೀಲ ತೆಗೆದುಕೊಂಡಳು, ಒಂದು ಮೀಟರ್ ದೂರ ಇಟ್ಟಳು, ಎಲ್ಲ ಸರಿಯಾಗಿ ಮಾಡಿದಳು. ಹನ್ನೊಂದರ ಹಿಂದಿನ ಮೈನಸ್ ಗೆರೆ ಮಾತ್ರ ಬಿಟ್ಟಳು. ಉತ್ತರವನ್ನು ಟನ್ನಿಗೆ ಇಳಿಸಿದಾಗ, ಆ ಎರಡು ಚೀಲಗಳು ಒಂದನ್ನೊಂದು ಅರವತ್ತೆಂಟು ಸಾವಿರ ಕೋಟಿ ಟನ್ ಭಾರದಿಂದ ಎಳೆಯುತ್ತಿದ್ದವು.

ತರಗತಿ "ಅಬಬಬಾ" ಎಂದಿತು. ಚಿನ್ನು ಎಂಬ ಎರಡು ಜಡೆಯ ಹುಡುಗಿ ಎದ್ದು ನಿಂತು, "ಮೇಡಂ, ಹಂಗಾರ ನಮ್ಮಜ್ಜನ ಅಂಗಡ್ಯಾಗ ಚೀಲ ಒಂದಕ್ಕೊಂದು ಯಾಕ ಬಡಕೊಳ್ಳೂದಿಲ್ರಿ?" ಎಂದಿತು. ಅನ್ನಪೂರ್ಣಾಗೆ ಆಗಲೇ ಹಲಗೆಯ ಮೇಲಿನ ಬೋಳು ಹನ್ನೊಂದು ಕಂಡಿತು. ಗಂಟೆ ಹೊಡೆಯಿತು.

"ಅದು ಮುಂದಿನ ಪಾಠದಾಗ ಬರ್ತೈತಿ," ಎಂದಳು ಅನ್ನಪೂರ್ಣಾ. "ಸರಿ ಐತಿ, ಬರ್ಕೋರಿ."

ಡೈರಿಯ ಕೊನೆಯ ಸಾಲು: "ಇವತ್ತು ಪ್ರಾರ್ಥನೆಗೆ ಮೊದಲೇ ಹೋಗಿ, ಎಲ್ಲರ ಎದುರು ಬಾಯಿ ಬಿಟ್ಟು ಹೇಳುತ್ತೇನೆ. ಬಾಯಿ ಬಿಡಲಾಗದಿದ್ದರೆ ಗೆರೆಯನ್ನಾದರೂ ಬರೆಯುತ್ತೇನೆ."

"ಅನ್ನವ್ವಾ, ಬಾ ಬೇ! ಸೋಮವಾರ!" ಎಂದು ಪಡಸಾಲೆಯಿಂದ ಅವ್ವ ಸುಶೀಲವ್ವ ಕೂಗಿದಳು.

ಸವಡಿ ಊರಿನ ಅವಳ ಅಪ್ಪ ಮುತ್ತಣ್ಣನ ಪಡಸಾಲೆಯಲ್ಲಿ ಅವನ ಅಪ್ಪನ ಕಾಲದ ಮುಳ್ಳಿನ ಕಾಟಾ ಒಂದಿತ್ತು. ಗೋಡೆ ಗಡಿಯಾರದಂಥ ದುಂಡು ಮುಖ, ಒಂದೇ ಮುಳ್ಳು, ಕೆಳಗೆ ಚೀಲ ಇಡಲು ಕಬ್ಬಿಣದ ಹಲಗೆ. ಓಣಿಯವರೆಲ್ಲ ರೋಣದ ಪೇಟೆಗೆ ಹೋಗುವ ಮುನ್ನ ಕಾಳಿನ ಚೀಲ ತೂಗುತ್ತಿದ್ದುದು ಅದರಲ್ಲೇ. ಸೋಮವಾರ ಮಾತ್ರ ಚೀಲಕ್ಕಿಂತ ಮೊದಲು ಅನ್ನಪೂರ್ಣಾ ಅದನ್ನು ಹತ್ತಬೇಕು. ಜೂನಿನಲ್ಲಿ ಅವಳಿಗೆ ರೋಣದ ಹೈಸ್ಕೂಲೊಂದರಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕ ದಿನವೇ ಸುಶೀಲವ್ವ ಕಾನೂನು ಹೊರಡಿಸಿದ್ದಳು: "ನಲವತ್ತು ಕಿಲೋದ ಕೆಳಗ ಇಳಿದ ದಿನ ಸಾಲಿ ಬಂದ್. ಮಂದಿ ಮಕ್ಕಳಿಗೆ ಶಾಣ್ಯಾತನ ತುಂಬಿ ನೀ ಕಡ್ಡಿ ಆಗೂದು ನನಗ ಬ್ಯಾಡ."

ಅನ್ನಪೂರ್ಣಾಗೆ ಆ ಶಾಲೆ ಎಂದರೆ ಜೀವ. ಮನೆಯಲ್ಲಿ ಉಪ್ಪು ಬೇಕಾದರೂ ಕೇಳಲು ನಾಚಿ ಸಪ್ಪೆ ಉಣ್ಣುವವಳು ಅಲ್ಲಿ ಹಲಗೆಯ ಮುಂದೆ ನಲವತ್ತು ನಿಮಿಷ ನಿಲ್ಲದೆ ಮಾತಾಡುತ್ತಿದ್ದಳು. ಆದರೆ ಬಸ್ಸಿನ ಓಡಾಟಕ್ಕೋ, ಮರುದಿನದ ಪಾಠದ ಅಂಜಿಕೆಗೋ, ಮುಳ್ಳು ನಲವತ್ತೆರಡು, ನಲವತ್ತೊಂದು, ನಲವತ್ತು ಎಂದು ತಿಂಗಳಿಗೊಂದು ಮೆಟ್ಟಿಲು ಇಳಿಯುತ್ತ ಬಂತು. ಮಹಾನವಮಿ ಆದಮೇಲೆ ಏನು ಪುಣ್ಯವೋ, ಮತ್ತೆ ನಲವತ್ತೊಂದಕ್ಕೆ ಏರಿ ಅಲ್ಲೇ ಬಸವಣ್ಣನ ಹಾಗೆ ಕೂತುಬಿಟ್ಟಿತು. ಸುಶೀಲವ್ವ ಇದು ತುಪ್ಪದ ಮಹಿಮೆ ಎಂದಳು. ಅನ್ನಪೂರ್ಣಾ ಏನೂ ಅನ್ನಲಿಲ್ಲ. ಡೈರಿಯಲ್ಲೂ ಅನ್ನಲಿಲ್ಲ.

ಇವತ್ತೂ ಹತ್ತಿದಳು. ಮುಳ್ಳು ನಡುಗಿ ನಿಂತಿತು.

"ನಲವತ್ತೊಂದು!" ಎಂದವಳು ಬದಿಯ ಮನೆಯ ಹುಚ್ಚವ್ವ. ತನ್ನದೊಂದು ಕಡಲೆ ಚೀಲ ತೂಗಿಸಲು ಬಂದವಳು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಹೆಸರ ಅನ್ನಪೂರ್ಣಾ, ಮೈ ನೋಡಿದ್ರ ಏಕಾದಶಿ. ಆದ್ರೂ ನಲವತ್ತೊಂದ ಅಂತೈತಿ ಮುಳ್ಳು! ಎಲ್ಲಿಟ್ಟೀ ಬೇ ಅಷ್ಟು ಭಾರಾನ? ಎಲುವಿನ್ಯಾಗ ಸೀಸ ತುಂಬೀಯೇನು?"

"ಸುಮ್ನಿರ ಹುಚ್ಚವ್ವಕ್ಕ, ದೃಷ್ಟಿ ಆದೀತು," ಎಂದು ಸುಶೀಲವ್ವ ಕಾಟಾದ ಗಾಜಿಗೆ ಕೈ ಮುಗಿದಳು. ಗಾಜಿನ ಮೇಲೆ ಮಹಾನವಮಿಯ ಪೂಜೆಯಲ್ಲಿ ಮೂರು ಬೆರಳಿಂದ ಎಳೆದ ವಿಭೂತಿ ಸೊನ್ನೆಯಿಂದ ಐದರವರೆಗೆ ದಪ್ಪಗೆ ಕೂತಿತ್ತು. ಪೂಜೆಯ ವಿಭೂತಿ ಒರೆಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಈ ವರ್ಷ ಅದನ್ನು ಎಳೆದವಳು ಅನ್ನಪೂರ್ಣಾ. ಹುಡುಗಿಗೆ ಭಕ್ತಿ ಬಂತು ಎಂದು ಅವ್ವ ವಾರವೆಲ್ಲ ಓಣಿಯಲ್ಲಿ ಹೇಳಿಕೊಂಡು ತಿರುಗಿದ್ದಳು.

ಆಮೇಲೆ ಎರಡು ಬಿಸಿ ರೊಟ್ಟಿ, ಅದರ ಮೇಲೆ ತುಪ್ಪ. ಅಷ್ಟರಲ್ಲಿ ಮುತ್ತಣ್ಣ ಹತ್ತು ಚೀಲ ಕಡಲೆ ತೂಗಿ, ಒಂದೊಂದು ಅರವತ್ತು ಕಿಲೋ ಎಂದು ಇದ್ದಲಿಯಿಂದ ಚೀಲದ ಮೇಲೆಯೇ ಬರೆದು, ಟ್ರ್ಯಾಕ್ಟರಿಗೆ ಹೇರಿಸಿದ್ದ. ಅವನ ಮುಖ ಕುದಿಯುವ ಎಸರಿನಂತಿತ್ತು.

"ಬಸ್ಸಿಗೆ ಯಾಕ ಕಾಯ್ತಿ, ಬಾ ಮಗಳ, ನಾನ ಬಿಡ್ತೀನಿ," ಎಂದ. "ಮೊದ್ಲ ಪ್ರಭುಲಿಂಗಪ್ಪನ ಅಂಗಡ್ಯಾಗ ಐದು ಮಿನಿಟಿನ ಕೆಲಸ ಐತಿ."

ಪ್ರಭುಲಿಂಗಪ್ಪ ರೋಣದಲ್ಲಿ ದಲಾಲಿ ಅಂಗಡಿ ಇಟ್ಟ ಹಿರಿಯ. ಚಿನ್ನುವಿನ ಅಜ್ಜ. ಹೋದ ಗುರುವಾರ ಮುತ್ತಣ್ಣ ಅವನಲ್ಲಿಗೆ ಒಯ್ದ ಆರು ಚೀಲಗಳಲ್ಲಿ ಪ್ರತಿಯೊಂದೂ ಮನೆಯಲ್ಲಿ ಅರವತ್ತು ತೂಗಿದ್ದು ಅಂಗಡಿಯಲ್ಲಿ ಐವತ್ತೆಂಟು ತೂಗಿತ್ತು. ಓಣಿಯ ಉಳಿದವರದ್ದೂ ಅದೇ ದೂರು. ಮೂವತ್ತು ವರ್ಷದ ನಂಬಿಕೆ, ಚೀಲಕ್ಕೆ ಎರಡು ಕಿಲೋದಂತೆ ಸೋರಿಹೋಗುತ್ತಿತ್ತು.

"ಕೇಳಿದ್ರ ಏನಂದಾ ಗೊತ್ತೇನು?" ಟ್ರ್ಯಾಕ್ಟರಿನ ಗದ್ದಲದ ಮೇಲೆ ಮುತ್ತಣ್ಣ ಕೂಗಿದ. "'ಯಾಕಂತ ನನಗೂ ತಿಳೀವಲ್ದು, ಸೋಮವಾರ ಬಾ, ಕಾರಣ ಹುಡುಕಿ ಇಟ್ಟಿರ್ತೀನಿ' ಅಂದ. ಇವತ್ತ ಹೇಳಬೇಕು ಆತ. ಇಲ್ಲಂದ್ರ ಆತನ ಹೊಸಲು ತುಳಿಯೂದಿಲ್ಲ ನಾ."

ಹುಚ್ಚವ್ವ ಚೀಲಗಳ ಮೇಲೆ ಪಟ್ಟದರಾಣಿಯಂತೆ ಕೂತು, "ತುಳೀಬ್ಯಾಡ, ಕಿತ್ತುಬಿಡು ಆ ಹೊಸಲಾನ!" ಎಂದಳು. ಅವಳ ಮಗ್ಗುಲಲ್ಲಿ ಮುದುಡಿ ಕೂತ ಅನ್ನಪೂರ್ಣಾಗೆ ಬೇರೆ ಚಿಂತೆ. ಒಂಬತ್ತೂವರೆಗೆ ಶಾಲೆ ಮುಟ್ಟಬೇಕು. ಮೈನಸ್ ಬರೆಯಬೇಕು. ಆ ತಪ್ಪು ಲೆಕ್ಕ ಮೂವತ್ತೆಂಟು ಮಕ್ಕಳ ವಹಿಯಲ್ಲಿ ಮಲಗಿದೆ. ಹೊರಗೆ ಕಾಲಿಡುವ ಮೊದಲು ಹಿಡಿದುಬಿಡಬೇಕು.

ಅದು ಆಗಲೇ ಕಾಲಿಟ್ಟಿತ್ತು.

ಪ್ರಭುಲಿಂಗಪ್ಪನ ಅಂಗಡಿಯ ಬಾಗಿಲಿಗೆ ದಿನದ ಧಾರಣೆ ಬರೆಯುವ ಕರಿಹಲಗೆ ತೂಗುಹಾಕಿರುತ್ತದೆ. ಇವತ್ತು ಅದರಲ್ಲಿ ಕಡಲೆ, ಹೆಸರು, ಗೋವಿನಜೋಳ ಯಾವುದೂ ಇರಲಿಲ್ಲ. ನೀಟಾದ ಅಕ್ಷರದಲ್ಲಿ ಎರಡು ಚೀಲದ ಚಿತ್ರ, ನಡುವೆ ಒಂದು ಮೀಟರ್, ಕೆಳಗೆ ಸೂತ್ರ, ಅದರ ಕೆಳಗೆ ಗೆರೆಯಿಲ್ಲದ ಬೋಳು ಹನ್ನೊಂದು, ಎಲ್ಲಕ್ಕೂ ಕೆಳಗೆ ಡಬಲ್ ಗೀಟು ಎಳೆದು: ಅರವತ್ತೆಂಟು ಸಾವಿರ ಕೋಟಿ ಟನ್. ಹಲಗೆಯ ಮಗ್ಗುಲಲ್ಲಿ ಯೂನಿಫಾರ್ಮು ತೊಟ್ಟ ಚಿನ್ನು, ಕೈಯಲ್ಲಿ ವಹಿ, ಸೀಮೆಸುಣ್ಣ. ಮುಂದೆ ಹತ್ತು ಹನ್ನೆರಡು ಜನ ರೈತರು.

ಅನ್ನಪೂರ್ಣಾ ಟ್ರೇಲರಿನಿಂದ ಇಳಿಯುವ ಬದಲು ಚೀಲಗಳ ಸಂದಿಯಲ್ಲಿ ಇನ್ನಷ್ಟು ಕೆಳಗೆ ಸರಿದಳು.

"ಬರ್ರಿ ಬರ್ರಿ, ಸಾಲಿ ಅಕ್ಕೋರ ಬಂದ್ರು!" ಪ್ರಭುಲಿಂಗಪ್ಪ ಧೋತರದ ಚುಂಗು ಎತ್ತಿ ಹಿಡಿದು ಓಡಿ ಬಂದ. "ದೇವರ ಬಂದಂಗ ಬಂದ್ರಿ ನೋಡ್ರಿ. ನಾಕ ದಿನ ಆತು ಅನ್ನ ಸೇರಿಲ್ಲ ನನಗ. ಮೊನ್ನೆ ಈ ಕೂಸು ವಹಿ ತೋರಸ್ತು, ಕಣ್ಣು ತೆರೀತು. ಮುತ್ತಣ್ಣಾ, ಕಾರಣ ಸಿಕ್ತಪಾ! ನಿನ್ನ ಮಗಳ ಕಂಡುಹಿಡಿದಾಳ!"

ಮುತ್ತಣ್ಣ ಸಿಟ್ಟು ಮಾಡಬೇಕೋ ಹಿಗ್ಗಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದ.

ಪ್ರಭುಲಿಂಗಪ್ಪ ಅಳತೆಗೋಲು ಹಿಡಿದು ಹಲಗೆಯ ಮುಂದೆ ನಿಂತ. "ನೋಡ್ರಿ. ಎರಡು ಚೀಲ ಇದ್ದಲ್ಲಿ ಒಂದನ್ನೊಂದು ಎಳೀತಾವು. ಇದು ನಾ ಹೇಳೂದಲ್ಲ, ಸರಕಾರದ ಪುಸ್ತಕ ಹೇಳೂದು. ಮುತ್ತಣ್ಣನ ಮನ್ಯಾಗ ಚೀಲ ಕಾಟಾದ ಮ್ಯಾಲ ಒಂದ ಇರ್ತೈತಿ, ಮಗ್ಗಲ ಏನೂ ಇರೂದಿಲ್ಲ. ಖರೇ ತೂಕ ತೋರಸ್ತೈತಿ. ನನ್ನ ಅಂಗಡ್ಯಾಗ ಕಾಟಾದ ಮಗ್ಗಲ ಇನ್ನೂರು ಚೀಲದ ಥಪ್ಪಿ ಐತಿ. ಅದು ಈ ಚೀಲಾನ ತನ್ನ ಕಡೆ ಎಳೀತೈತಿ. ಎಳದ್ರ ಕಾಟಾದ ಮ್ಯಾಲ ಭಾರ ಕಮ್ಮಿ ಬೀಳಬೇಕೋ ಬ್ಯಾಡೋ? ಹ್ಯಾಂಗ ಅಕ್ಕೋರ?"

ಅನ್ನಪೂರ್ಣಾ ಬಾಯಿ ತೆರೆದಳು. ಎಲ್ಲರೂ ಅವಳ ಕಡೆ ತಿರುಗಿದರು. ಬಾಯಿ ಮುಚ್ಚಿದಳು.

"ಸಾವ್ಕಾರ್ರ," ಎಂದ ಹಮಾಲ ಮೋದಿನಸಾಬ, ಕಂಬಕ್ಕೊರಗಿ ಬೀಡಿ ಹಚ್ಚುತ್ತ. "ಅರವತ್ತೆಂಟು ಸಾವಿರ ಕೋಟಿ ಟನ್ ಎಳಿಯೂದ ಖರೇ ಆದ್ರ, ಇಪ್ಪತ್ತು ವರ್ಷ ಆತು ನಾ ಆ ಚೀಲದ ನಡಕ ಓಡ್ಯಾಡಾಕತ್ತು. ಚಟ್ನಿ ಆಗಬೇಕಿತ್ತಲ್ರಿ ನಾನು?"

"ಆಗಿಯಲ್ಲಪಾ! ಬಂದಾಗ ಎಷ್ಟು ಗಟ್ಟಿ ಇದ್ದಿ, ಈಗ ನೋಡ ಹ್ಯಾಂಗ ಹಪ್ಪಳ ಆಗೀ."

ರೈತರು ನಕ್ಕರು. ಮೋದಿನಸಾಬ ತನ್ನ ಎದೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಥಪ್ಪಿಯಿಂದ ಎರಡು ಹೆಜ್ಜೆ ದೂರ ಸರಿದ.

ಚಿನ್ನು ಸಣ್ಣ ದನಿಯಲ್ಲಿ, "ಅಜ್ಜಾ, ಪುಸ್ತಕದಾಗ ಹನ್ನೊಂದರ ಹಿಂದ ಏನೋ ಒಂದು ಗೆರಿ ಐತಿ," ಎಂದಿತು.

"ಸುಮ್ನಿರು! ಅಕ್ಕೋರಿಗಿಂತ ನೀ ಶಾಣ್ಯಾಕ್ಯೇನು? ಅದು ಛಾಪಾಖಾನ್ಯಾಗ ನೊಣ ಕುಂತಿರಬೇಕು."

ಹುಡುಗಿ ಬೈಸಿಕೊಂಡು ಮುಖ ಕೆಳಗೆ ಹಾಕಿತು. ಅನ್ನಪೂರ್ಣಾಗೆ ಆ ಬೈಗುಳ ತನ್ನ ಬೆನ್ನಿಗೇ ಬಿದ್ದಂತಾಯಿತು. 'ಈಗ ಹೇಳು, ಈಗ' ಎಂದು ಒಳಗಿನಿಂದ ಯಾರೋ ದೂಡಿದರು. ನಾಲಿಗೆ ಮಾತ್ರ ಬಾಯೊಳಗೆ ಒಣಗಿದ ರೊಟ್ಟಿಯಂತೆ ಅಂಟಿ ಕೂತಿತ್ತು.

"ಬಾಯಿಮಾತ ಬ್ಯಾಡ," ಎಂದ ಮುತ್ತಣ್ಣ. "ಥಪ್ಪಿ ಎಳೀತೈತಿ ಅಂದ್ರ ಕಾಟಾ ಥಪ್ಪಿಯಿಂದ ದೂರ ಒಯ್ರಿ. ಅಲ್ಲಿ ತೂಗೂಣು. ಅರವತ್ತು ಬಂದ್ರ ನಿಮ್ಮ ಕಾಲು ಹಿಡೀತೀನಿ."

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಅಂಗಡಿಯ ಕರೆಂಟಿನ ಕಾಟಾವನ್ನು, ಬ್ಯಾಟರಿ ಸಮೇತ, ನಾಲ್ಕು ಜನ ಹೊತ್ತು ರಸ್ತೆಯ ನಡುಮಧ್ಯೆ ತಂದಿಟ್ಟರು. ಮೋದಿನಸಾಬ ಟ್ರೇಲರಿನಿಂದ ಮುತ್ತಣ್ಣನ ಒಂದು ಚೀಲ ತಂದು ಅದರ ಮೇಲೆ ಕೆಡವಿದ; ಮರೆ ಹೋದದ್ದಕ್ಕೆ ಅನ್ನಪೂರ್ಣಾ ಕೂಡ ಕೆಳಗಿಳಿದಳು. ಕೆಂಪು ಅಂಕಿಗಳು ಓಡಾಡಿ ನಿಂತವು: ಐವತ್ತೆಂಟು.

"ಹಾಂ! ಈಗೇನಂತೀರಿ?"

ಪ್ರಭುಲಿಂಗಪ್ಪ ಬೆವರು ಒರೆಸಿಕೊಂಡು ರಸ್ತೆಯಾಚೆ ನೋಡಿದ. ಎದುರಿಗೆ ಇನ್ನೊಂದು ದಲಾಲಿ ಅಂಗಡಿ, ಅಲ್ಲೂ ಥಪ್ಪಿ. "ನೋಡ್ರಿ, ಈಗ ಆ ಥಪ್ಪಿ ಎಳ್ಯಾಕತ್ತೈತಿ!"

ಎದುರಂಗಡಿಯ ಹನುಮಪ್ಪ ಹಲ್ಲು ಕಡ್ಡಿ ಬಾಯಲ್ಲೇ ಇಟ್ಟುಕೊಂಡು ಹೊರಬಂದ. "ಏನ್ರಿ ಕಾಕಾ, ನನ್ನ ಚೀಲ ನಿಮ್ಮ ಕಾಳು ಕದೀತಾವೇನು? ಹೇಳೂದ ಆದ್ರ ನಿಮ್ಮ ಥಪ್ಪಿನೂ ಇಷ್ಟು ದಿನ ನನ್ನ ಚೀಲ ಎಳದಿರಬೇಕಲ್ಲ? ಆ ತೂಕ ಯಾರ ಕೊಡ್ತಾರ?"

"ನಿನ್ನ ಥಪ್ಪಿ ನನ್ನದಕ್ಕಿಂತ ಸಣ್ಣದು!"

"ದೂರದ ವರ್ಗದಿಂದ ಭಾಗಸಬೇಕ್ರಿ," ಎಂದಿತು ಚಿನ್ನು, ತಡೆಯಲಾರದೆ.

"ಭಾಗಸ್ರಿ ಹಂಗಾರ! ರಸ್ತಾ ಅಳೀರಿ!"

ಯಾರೋ ಹಗ್ಗ ತಂದರು. ಮೋದಿನಸಾಬ ಒಂದು ತುದಿ, ಹನುಮಪ್ಪ ಇನ್ನೊಂದು ತುದಿ ಹಿಡಿದು ರಸ್ತೆಗೆ ಅಡ್ಡ ಎಳೆಯುವುದಕ್ಕೂ ಗಜೇಂದ್ರಗಡದ ಬಸ್ಸು ಬರುವುದಕ್ಕೂ ಸರಿಹೋಯಿತು. ಬಸ್ಸು ನಿಂತಿತು. ಅದರ ಹಿಂದೆ ಎರಡು ಟ್ರ್ಯಾಕ್ಟರು ನಿಂತವು. ಹಾರ್ನು ಬಾರಿಸಿ ಸುಸ್ತಾದ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ರಪಾ, ರಸ್ತಾ ಪಾಲು ಮಾಡ್ಕೊಳ್ಳಾಕತ್ತೀರೇನು?" ಎಂದ.

ಬಸ್ಸಿನಿಂದ ಮೊದಲು ಇಳಿದವರು ಅನ್ನಪೂರ್ಣಾಳ ಶಾಲೆಯ ಹೆಡ್‌ಮಾಸ್ತರು ಗುರುಪಾದ ಸರ್. ಭೂಮಿ ಬಾಯಿ ಬಿಡುವ ಪವಾಡವೊಂದು ಇದ್ದರೆ ಅದಕ್ಕೆ ಇದೇ ಮುಹೂರ್ತ ಎಂದು ಅನ್ನಪೂರ್ಣಾ ಕಾಲಡಿಯ ಡಾಂಬರನ್ನು ನೋಡಿದಳು. ಡಾಂಬರು ಗಟ್ಟಿಯಾಗಿತ್ತು.

"ಏನವಾ ಅನ್ನಪೂರ್ಣಾ, ಪಾಠ ಇಲ್ಲೇ ಸುರು ಮಾಡಿಯಲ್ಲ!" ಸರ್ ಕನ್ನಡಕ ಏರಿಸಿ ಹಲಗೆ ಓದಿದರು. "ಅರವತ್ತೆಂಟು ಸಾವಿರ ಕೋಟಿ! ಭೇಷ್. ನಾ ಕನ್ನಡ ಮಾಸ್ತರ, ನನಗ ಇದು ತಿಳಿಯೂದಿಲ್ಲ. ಆದ್ರ ಅಂಕಿ ನೋಡಿದ್ರ ಭಾಳ ಅಭ್ಯಾಸ ಮಾಡಿದಂಗ ಕಾಣ್ತೈತಿ."

"ಮಾಸ್ತರ್ರ, ನೀವಾದ್ರೂ ನ್ಯಾಯ ಹೇಳ್ರಿ," ಎಂದ ಪ್ರಭುಲಿಂಗಪ್ಪ.

"ನಾ ಯಾಕ? ಲೆಕ್ಕ ಬರದಾಕಿ ಇಲ್ಲೇ ಅದಾಳಲ್ಲ. ಹೇಳವಾ."

ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಮುಖಗಳು. ಅನ್ನಪೂರ್ಣಾ ನಡೆದಳು. ಹಲಗೆಯ ತನಕ ಹತ್ತು ಹೆಜ್ಜೆ. ಅವಳಿಗೆ ಅದು ಹೊಳೆಮಣ್ಣೂರಿನ ತನಕ ನಡೆದಷ್ಟು ದೂರವಾಯಿತು. ಬಾಯಿ ಬಿಡಲಾಗಲಿಲ್ಲ. ಚಿನ್ನುವಿನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ಹನ್ನೊಂದರ ಹಿಂದೆ ಅಕ್ಕಿಕಾಳಿನಷ್ಟು ಒಂದು ಗೆರೆ ಎಳೆದಳು. ಡಬಲ್ ಗೀಟಿನ ಮೇಲಿದ್ದ ಅರವತ್ತೆಂಟು ಸಾವಿರ ಕೋಟಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಸೀಮೆಸುಣ್ಣ ಚಿನ್ನುವಿಗೆ ಮರಳಿಸಿ, ಜನರಿಗೆ ಬೆನ್ನು ಮಾಡಿಯೇ ನಿಂತಳು.

"ಮೈನಸ್ಸು!" ಚಿನ್ನು ಕುಣಿದಾಡಿತು. "ನಾ ಹೇಳಿದ್ನಲ್ಲಜ್ಜಾ! ನೊಣ ಅಲ್ಲ!"

"ಅಂದ್ರ ಈಗ ಎಷ್ಟು ಕೋಟಿ ಆತು?"

ಚಿನ್ನು ವಹಿಯ ಹಿಂದಿನ ಹಾಳೆಯಲ್ಲಿ ಗುಣಿಸಿತು, ಭಾಗಿಸಿತು, ಪೆನ್ನು ಕಚ್ಚಿತು. "ಕೋಟಿ ಇಲ್ಲಜ್ಜಾ. ಗ್ರಾಮೂ ಇಲ್ಲ. ಒಂದು ಸಕ್ಕರಿ ಹರಳು ತಗೊಂಡು ಹತ್ತು ತುಂಡು ಮಾಡಿದ್ರ, ಅದರಾಗ ಒಂದು ತುಂಡಿನಷ್ಟು."

"ಎರಡು ಚೀಲ ಎಳಿಯೂದು ಅಷ್ಟನಾ?"

"ಅಷ್ಟರೀ."

ಮೋದಿನಸಾಬ ದೊಡ್ಡ ಉಸಿರು ಬಿಟ್ಟು ಥಪ್ಪಿಯ ಹತ್ತಿರ ಹೋಗಿ ಮತ್ತೆ ಒರಗಿದ. ಗುರುಪಾದ ಸರ್, "ಹೋಗಲಿ ಬಿಡವಾ, ತಪ್ಪು ತಿದ್ದಿಕೊಂಡಿ, ದೊಡ್ಡ ಗುಣ," ಎಂದರು. ಅನ್ನಪೂರ್ಣಾಳ ಭುಜದಿಂದ ಎರಡು ದಿನದ ಹೊರೆ ಇಳಿಯಿತು. ಬದುಕಿದೆ ಅಂದುಕೊಂಡಳು. ಒಂದು ಮಾತೂ ಆಡದೆ ಬದುಕಿದೆ.

ಆ ಸುಖ ಒಂದು ಸೀನು ಸೀನುವಷ್ಟು ಹೊತ್ತು ಇತ್ತು.

"ತಡೀರಿ ತಡೀರಿ," ಎಂದಳು ಹುಚ್ಚವ್ವ, ಟ್ರೇಲರಿನ ಮೇಲಿಂದ. "ಸಕ್ಕರಿ ಹರಳಿನ ತುಂಡು ಹೋಗಿದ್ದು ತಿಳೀತು. ಉಳದ ಎರಡು ಕಿಲೋ ಎಲ್ಲಿ ಹೋತು?"

ಗುಂಪು ನಿಧಾನವಾಗಿ, ಒಂದೇ ಕುತ್ತಿಗೆ ಇದ್ದಂತೆ, ಪ್ರಭುಲಿಂಗಪ್ಪನ ಕಡೆ ತಿರುಗಿತು.

"ವಿಜ್ಞಾನ ಎಳದಿಲ್ಲ ಅಂದ್ರ ಕೈ ಎಳದೈತಿ," ಎಂದ ಹನುಮಪ್ಪ ಎದುರು ಕಟ್ಟೆಯಿಂದ, ಖುಷಿಯಾಗಿ.

"ಕೊರಳಾಗಿನ ಲಿಂಗದ ಆಣಿ," ಎಂದ ಪ್ರಭುಲಿಂಗಪ್ಪ. ದನಿ ಒಡೆದಿತ್ತು. "ಒಂದು ಕಾಳು ಮುಟ್ಟಿಲ್ಲ ನಾ. ಬ್ಯಾರೆ ಊರಿನವ್ರು ಯಾರೂ ತಕರಾರ ಮಾಡಿಲ್ಲ, ಸವಡಿ ಒಂದ ಓಣಿಯವ್ರು..."

"ಬ್ಯಾರೆ ಊರಿನವ್ರು ಮನ್ಯಾಗ ತೂಗಿ ತರೂದಿಲ್ಲ, ಅದಕ್ಕ ಗೊತ್ತಾಗೂದಿಲ್ಲ!" ಮುತ್ತಣ್ಣ ಗರ್ಜಿಸಿದ. "ನಮ್ಮ ಅಪ್ಪನ ಕಾಲದ ಕಾಟಾ ಅದು. ಸೂರ್ಯ ಸುಳ್ಳು ಹೇಳ್ಯಾನು, ಅದು ಹೇಳೂದಿಲ್ಲ."

"ದಾರ್ಯಾಗ ಚೀಲ ಸೋರಿರಬೇಕಪಾ..."

"ಸೋರಲಾರದ್ದು ತೂಗೂಣು ಹಂಗಾರ," ಎಂದಳು ಹುಚ್ಚವ್ವ. ಅವಳ ಕಣ್ಣು ಹಲಗೆಯ ಮುಂದೆ ಬೆನ್ನು ಮಾಡಿ ನಿಂತವಳ ಮೇಲೆ ಬಿತ್ತು. "ನಮ್ಮ ಅನ್ನವ್ವ ಮುಂಜಾನಿನ ಮನ್ಯಾಗ ತೂಗ್ಯಾಳಲ್ಲ! ನಾನ ಕಣ್ಣಾರೆ ನೋಡೀನಿ. ಆಕಿ ಎಲ್ಲಿ ಸೋರ್ತಾಳ? ನಿಂದ್ರಸ್ರಿ ಆಕೀನ್ನ ಕಾಟಾದ ಮ್ಯಾಲ!"

ಅನ್ನಪೂರ್ಣಾ ತಿರುಗಿದಳು. ಅವಳ ಮುಖ ಸೀಮೆಸುಣ್ಣಕ್ಕಿಂತ ಬಿಳಿಯಾಗಿತ್ತು. "ಬ್ಯಾಡಪ್ಪಾ," ಎಂದಳೋ, ಅನ್ನಬೇಕೆಂದುಕೊಂಡಳೋ, ಯಾರಿಗೂ ಕೇಳಲಿಲ್ಲ. ಮುತ್ತಣ್ಣ ಆಗಲೇ ಮನೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ಮೇಲೆತ್ತಿ ಹಿಡಿದಿದ್ದ.

"ಏ ಇವಳ, ಮುಂಜಾನೆ ಅನ್ನವ್ವ ಎಷ್ಟು ತೂಗಿದ್ಲು? ಜೋರಾಗಿ ಹೇಳು!"

"ನಲವತ್ತೊಂದು!" ಸುಶೀಲವ್ವನ ದನಿ ರೋಣದ ಪೇಟೆಯ ತುಂಬ ಮೊಳಗಿತು. "ಯಾಕ್ರಿ? ಬಸ್ಸಿನ್ಯಾಗ ಏನರ ತೂಕ ಕೇಳ್ತಾರೇನು? ನಲವತ್ತೊಂದ ಐತಿ, ಬರೋಬ್ಬರಿ. ನಲವತ್ತರ ಕೆಳಗ ಇಳದ್ರ ಮರುದಿನ ಸಾಲಿ ಬಂದ್ ಅಂತ ನಾ ಹೇಳೇ ಬಿಟ್ಟೀನಿ ಆಕಿಗೆ!"

ಬಸ್ಸಿನ ಕಿಟಕಿಗಳು ನಕ್ಕವು. ಗುರುಪಾದ ಸರ್ ಸೌಜನ್ಯದಿಂದ ಆಕಾಶ ನೋಡಿದರು. ತಾಯಿಯ ದನಿ ಇನ್ನೂ ಫೋನಿನಲ್ಲಿ "ಹಲೋ, ಹಲೋ" ಅನ್ನುತ್ತಿದ್ದಂತೆಯೇ ಹುಚ್ಚವ್ವ ಇಳಿದು ಬಂದು, ಅನ್ನಪೂರ್ಣಾಳ ಬಗಲಚೀಲ ತೆಗೆದಿಟ್ಟು, ಚಪ್ಪಲಿ ಬಿಚ್ಚಿಸಿ, ರಟ್ಟೆ ಹಿಡಿದು ಕಾಟಾದ ಮೇಲೆ ನಿಲ್ಲಿಸಿದಳು. ಮದುವೆಯ ಹಸೆಮಣೆಗೆ ಕರೆತಂದಂತಿತ್ತು, ನೋಡುವವರ ಸಂಖ್ಯೆಯೂ ಅಷ್ಟೇ ಇತ್ತು. ಕೆಂಪು ಅಂಕಿಗಳು ಓಡಿದವು. ನಿಂತವು.

ಮೂವತ್ತೊಂಬತ್ತು ಪಾಯಿಂಟ್ ಎರಡು.

"ಪಾಯಿಂಟ್ ಎರಡು ಮುಂಜಾನೆ ತಿಂದ ರೊಟ್ಟೀದು," ಎಂದಳು ಹುಚ್ಚವ್ವ, ನ್ಯಾಯಾಧೀಶರ ಗತ್ತಿನಲ್ಲಿ. "ಅದನ್ನ ತಗೀರಿ. ಮೂವತ್ತೊಂಬತ್ತು. ಎಷ್ಟು ಕಮ್ಮಿ?"

"ಎರಡು ಕಿಲೋ!" ಎಂದಿತು ರಸ್ತೆ.

"ಚೀಲಕ್ಕೂ ಎರಡು, ಹುಡುಗಿಗೂ ಎರಡು! ಸಿಕ್ಕಬಿದ್ದಾ!"

ಆಮೇಲೆ ಯಾರು ಏನು ಅಂದರು ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ. ಒಬ್ಬ ಫೋನಿನಲ್ಲಿ ವಿಡಿಯೋ ಹಿಡಿಯತೊಡಗಿದ. ಇನ್ನೊಬ್ಬ ತೂಕದ ಸಾಹೇಬರ ನಂಬರು ಯಾರ ಹತ್ತಿರ ಇದೆ ಎಂದು ಕೂಗಿದ. ಹನುಮಪ್ಪ ತನ್ನ ಅಂಗಡಿಯ ಬಾಗಿಲನ್ನು ಇನ್ನಷ್ಟು ಅಗಲ ತೆರೆದು, "ಬರ್ರಿ, ಬರ್ರಿ, ಇಲ್ಲಿ ಖರೇ ಕಾಟಾ ಐತಿ," ಎಂದ. ಮುತ್ತಣ್ಣ ಹಲ್ಲು ಕಚ್ಚಿ, "ಮೂವತ್ತು ವರ್ಷ ನಿಮಗ ಕಾಕಾ ಕಾಕಾ ಅಂದೆ," ಎಂದ. ಅವನ ಕಣ್ಣಲ್ಲೂ ನೀರಿತ್ತು.

ಪ್ರಭುಲಿಂಗಪ್ಪ ಒಂದು ಬರಿ ಚೀಲದ ಮೇಲೆ ಕುಸಿದು ಕೂತಿದ್ದ. ತಲೆಯ ಪಟಗ ಬಿಚ್ಚಿಹೋಗಿ ತೊಡೆಯ ಮೇಲಿತ್ತು. ತನ್ನ ಕಾಟಾವನ್ನೇ ನೋಡುತ್ತ, "ಇದಕ್ಕೇನಾತೋ, ಇದಕ್ಕೇನಾತೋ," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

"ನಮ್ಮಜ್ಜ ಕಳ್ಳ ಅಲ್ರಿ!" ಎಂದು ಚಿನ್ನು ಅಳುತ್ತ ಗುಂಪಿಗೆ ಕೂಗಿತು. ಗುಂಪು ಕೇಳಲಿಲ್ಲ. ಹುಡುಗಿ ಅನ್ನಪೂರ್ಣಾಳ ಕಡೆ ತಿರುಗಿತು. "ಮೇಡಂ, ಇದೂ ಮುಂದಿನ ಪಾಠದಾಗ ಬರ್ತೈತೇನ್ರಿ?"

ಅನ್ನಪೂರ್ಣಾ ಇನ್ನೂ ಕಾಟಾದ ಮೇಲೆಯೇ ನಿಂತಿದ್ದಳು. ಬರಿಗಾಲು, ಕೆಳಗೆ ಕೆಂಪು ಅಂಕಿ. ಇಷ್ಟು ಹೊತ್ತು ಅವಳು ಒಂದು ಗೆರೆಗಾಗಿ ನಾಚುತ್ತಿದ್ದಳು. ಈಗ, ರಸ್ತೆಯ ನಡುವೆ, ಮನೆಯ ಪಡಸಾಲೆ ಅವಳ ಕಣ್ಣ ಮುಂದೆ ಬಂದು ನಿಂತಿತು. ಮಹಾನವಮಿಯ ಬೆಳಗು, ಮನೆಯಲ್ಲಿ ಯಾರೂ ಇಲ್ಲ, ಅಡಿಕೆ ಕತ್ತರಿಸುವ ಅವ್ವನ ಅಡಕೊತ್ತಿನ ತುದಿ, ಸೊನ್ನೆಯ ಮುಖ ಮುಚ್ಚುವಂತೆ ಗಾಜಿನ ಮೇಲೆ ದಪ್ಪಗೆ ಎಳೆದ ಮೂರು ಬೆರಳಿನ ವಿಭೂತಿ. ಅದು ತನ್ನೊಬ್ಬಳ ತೂಕದ ವಿಷಯ ಎಂದುಕೊಂಡಿದ್ದಳು. ಅದೇ ಹಲಗೆಯ ಮೇಲೆ ಓಣಿಯ ಕಾಳೆಲ್ಲ ಹತ್ತಿ ಇಳಿಯುತ್ತದೆ ಎಂಬುದು, ಭೌತಶಾಸ್ತ್ರದಲ್ಲಿ ಎಂಬತ್ತೆರಡು ಪರ್ಸೆಂಟು ತೆಗೆದವಳಿಗೆ, ಈ ಗಳಿಗೆಯವರೆಗೆ ಹೊಳೆದಿರಲಿಲ್ಲ.

ಸೀಮೆಸುಣ್ಣಕ್ಕಾಗಿ ಕೈ ಚಾಚಿದಳು. ಚಿನ್ನು ಕೊಡಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿತ್ತು. ಬರೆಯಲು ಗೆರೆಯೂ ಇರಲಿಲ್ಲ.

ಅಪ್ಪನ ಕೈಯಲ್ಲಿ ಫೋನು ಇನ್ನೂ ಮೇಲೆತ್ತಿಯೇ ಇತ್ತು. "ಹಲೋ? ಯಾಕ ಗದ್ದಲ? ಅನ್ನವ್ವ ಹ್ಯಾಂಗದಾಳ?" ಎಂದು ಅದು ಕೇಳುತ್ತಿತ್ತು.

"ಅಜ್ಜಾರ ಕಾಟಾ ಖರೇ ಐತ್ರಿ," ಎಂದಳು ಅನ್ನಪೂರ್ಣಾ, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ. ಆಮೇಲೆ ಫೋನಿನ ಕಡೆ ಮುಖ ಎತ್ತಿದಳು. "ನಾ ಇರೂದ ಮೂವತ್ತೊಂಬತ್ತು, ಯವ್ವಾ. ಸಾಲಿ ಬಿಡಸ್ತೀ ಅಂತ ಅಂಜಿ, ನಮ್ಮ ಮನಿ ಕಾಟಾದ ತಿರುಪು ನಾನ ತಿರುವಿ, ಮುಳ್ಳು ಎರಡು ಕಿಲೋ ಮುಂದಿಟ್ಟೀನಿ."